ಎರಡು ಸಲ ಒತ್ತಿದ ಅಕ್ಷರ

ಮಾರ್ಚ್ 3, ಸೋಮವಾರ

ನಾನು ಈ ಮನೆಯ ಯಜಮಾನಿ. ಮನೆಯ ಕೆಳಗಿರುವ ಕಸೂತಿ ಅಂಗಡಿಯ ಯಜಮಾನಿಯೂ ನಾನೇ. ಹತ್ತನೇ ತರಗತಿ ಪಾಸು. ಮೂವತ್ತೆಂಟು ವರ್ಷದಿಂದ ಹೋಟೆಲುಗಳ ದಿಂಬಿನ ಚೀಲಕ್ಕೆ, ಆಸ್ಪತ್ರೆಗಳ ಹೊದಿಕೆಗೆ, ದೊಡ್ಡವರ ಕರವಸ್ತ್ರಕ್ಕೆ ಹೆಸರು ಕಸೂತಿ ಹಾಕಿ ಕೊಡುತ್ತಿದ್ದೇನೆ. ಒಂಬತ್ತು ಹೆಂಗಸರು ನನ್ನ ಕೈಕೆಳಗೆ ಕೆಲಸ ಮಾಡುತ್ತಾರೆ. ನನ್ನ ಕಣ್ಣು ತಪ್ಪಿಸಿ ಒಂದು ಸೊಟ್ಟ ಹೊಲಿಗೆಯೂ ಹೊರಗೆ ಹೋಗಿಲ್ಲ. ಇದು ಜಂಬವಲ್ಲ. ಬೇಕಾದವರು ಬಂದು ವಿಚಾರಿಸಬಹುದು.

ದಾರದ ಕಂಪನಿಯವರು ಕೊಟ್ಟ ಈ ದಿನಚರಿ ಪುಸ್ತಕ ಎರಡು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ತೆರೆದಿದ್ದೇನೆ. ಒಬ್ಬರ ಮೇಲೆ ಕೂಗಾಡಬೇಕಾಗಿದೆ, ಅವರು ನನ್ನ ಎದುರಿಗಿಲ್ಲ.

ನಮ್ಮನೆಯವರು ಸೇತುವೆಯ ಸುಂಕದ ಕಟ್ಟೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಹತ್ತಿರ ತಾಮ್ರದ ಬಣ್ಣದ ಒಂದು ನಾಣ್ಯವಿದೆ. ಒಂದು ಕಡೆ ಹಡಗು, ಸುತ್ತ ಅಕ್ಷರ, ಕೆಳಗೆ ಇಸವಿ. ನಾಣ್ಯ ಒತ್ತುವ ಅಚ್ಚನ್ನು ತಯಾರಿಸುವಾಗಲೇ ಅದಕ್ಕೆ ಎರಡು ಸಲ ಒತ್ತು ಬಿದ್ದು, ಎರಡನೆಯದು ಕೂದಲೆಳೆಯಷ್ಟು ಸರಿದು, ಅಕ್ಷರಗಳೆಲ್ಲ ಜೋಡಿಯಾಗಿವೆಯಂತೆ. ಜನ ಹುಡುಕಿಕೊಂಡು ಬರುವ ನಾಣ್ಯವಂತೆ. ಇಪ್ಪತ್ತೇಳು ವರ್ಷದಿಂದ ‘ನೋಡೇ, ಒಂದ್ಸಲ ನೋಡೇ’ ಎನ್ನುತ್ತಿದ್ದಾರೆ. ನಾನು ನೋಡಿಲ್ಲ. ಯಾರೋ ಕೆಲಸ ಕೆಡಿಸಿದ್ದನ್ನು ಮೆಚ್ಚಿಕೊಂಡು ಕೂರುವುದು ನನ್ನ ಜಾಯಮಾನವಲ್ಲ. ನನ್ನ ಅಂಗಡಿಯಲ್ಲಿ ಜೋಡಿ ಬಿದ್ದ ಅಕ್ಷರ ನೇರವಾಗಿ ಬಿಚ್ಚುವ ಬುಟ್ಟಿಗೆ ಹೋಗುತ್ತದೆ.

ಭಾನುವಾರಗಳಲ್ಲಿ ಗ್ರಂಥಾಲಯದ ಮಹಡಿಯಲ್ಲಿ ನಾಣ್ಯ ಸಂಘ ಸೇರುತ್ತದೆ. ಅಲ್ಲಿನವರು ನಾಲ್ಕು ತಿಂಗಳು ಕಾಡಿದ ಮೇಲೆ ನಿನ್ನೆ ಇವರು ನಾಣ್ಯ ತೆಗೆದುಕೊಂಡು ಹೋದರು. ಹೋದಷ್ಟೇ ಬೇಗ ಬಂದರು. ‘ಏನಾಯ್ತು?’ ಎಂದರೆ ‘ಏನಿಲ್ಲ’ ಎಂದು ಟೋಪಿ ತೆಗೆದು ಮೊಳೆಗೆ ಹಾಕಿದರು.

ಏನಾಯಿತೆಂದು ಇವತ್ತು ಗಡಿಬಿಡಿಯಿಂದ ಗೊತ್ತಾಯಿತು. ಗಡಿಬಿಡಿ ಎಂದರೆ ನನ್ನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇರುವವಳು. ಅವಳ ಮೈದುನ ಗ್ರಂಥಾಲಯದ ಜವಾನ. ಸಂಘದ ಅಧ್ಯಕ್ಷರು ಯಾವಾಗಲೂ ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡಿರುತ್ತಾರೆ, ಊರು ಕರೆಯುವುದೂ ಹಾಗೆಯೇ. ಆ ಭೂತಗನ್ನಡಿ ನಾಣ್ಯವನ್ನು ಎತ್ತಿ ಹಿಡಿದು, ಐವತ್ತು ಜನರ ಮುಂದೆ, ‘ಇದು ಅಚ್ಚಿನ ದೋಷ ಅಲ್ಲ ಸ್ವಾಮಿ, ಒತ್ತುವಾಗ ಯಂತ್ರ ಜಾರಿದೆ ಅಷ್ಟೆ. ಇದನ್ನ ಕೊಟ್ಟು ಒಂದು ಬನ್ನು ತಗೊಳ್ಳಿ, ಅದಕ್ಕೆ ಸರಿಹೋಗುತ್ತೆ’ ಎಂದರಂತೆ. ಎಲ್ಲರೂ ನಕ್ಕರಂತೆ.

ನಮ್ಮನೆಯವರನ್ನು ನಾನು ಆಡಿಕೊಳ್ಳುತ್ತೇನೆ. ಅದು ನನ್ನ ಹಕ್ಕು. ಊರವರಿಗೆ ಆ ಹಕ್ಕನ್ನು ನಾನು ಕೊಟ್ಟಿಲ್ಲ.

ಸುದ್ದಿ ಹೇಳುತ್ತ ಹೇಳುತ್ತ ಗಡಿಬಿಡಿ ಹನ್ನೆರಡು ಕರವಸ್ತ್ರಕ್ಕೆ ಹೆಸರನ್ನು ತಲೆಕೆಳಗಾಗಿ ಗುರುತು ಹಾಕಿದ್ದಳು. ಒಂದನ್ನು ಕಂಬಕ್ಕೆ ಪಿನ್ನು ಚುಚ್ಚಿ ನೇತುಹಾಕಿ, ‘ಎಲ್ಲರೂ ನೋಡ್ರಮ್ಮಾ, ಇದನ್ನ ಓದೋಕೆ ಗಿರಾಕಿ ತಲೆಕೆಳಗಾಗಿ ನಿಂತ್ಕೋಬೇಕು’ ಎಂದೆ. ಅಂಗಡಿಯಲ್ಲಿ ಶಿಸ್ತು ಇರಬೇಕಾದರೆ ಇದೇ ದಾರಿ.

ಮಾರ್ಚ್ 4, ಮಂಗಳವಾರ

ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟುಕೊಂಡು ಕೂರುವವಳು, ಅದಕ್ಕೇ ಮಾತಿನಲ್ಲೂ ಸ್ವಲ್ಪ ಸೂಜಿ. ಅವಳನ್ನು ಕೇಳಿದೆ. ದೂರದ ನಗರದಲ್ಲಿ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಯಿದೆಯಂತೆ. ಫಾರಂ ತುಂಬಿ, ಶುಲ್ಕ ಕಟ್ಟಿ, ಪಾರ್ಸೆಲ್ ಮಾಡಬೇಕು. ಅವರು ತೂಗಿ, ನೋಡಿ, ಅಸಲಿಯೇ ಎಂದು ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ ವಾಪಸು ಕಳಿಸುತ್ತಾರೆ. ಅವರ ಮಾತಿನ ಮೇಲೆ ಯಾರೂ ಮಾತಾಡುವಂತಿಲ್ಲ.

‘ಹಾಗಾದ್ರೆ ಕಳಿಸೋದೇ’ ಎಂದೆ. ‘ಆ ಪತ್ರ ತಂದು ಭೂತಗನ್ನಡಿ ಮೂಗಿನ ಕೆಳಗೆ ಹಿಡೀತೀನಿ.’

ಇವರು ಪತ್ರಿಕೆಯಿಂದ ತಲೆಯೆತ್ತಲಿಲ್ಲ. ‘ಬೇಡ ಬಿಡೇ’ ಎಂದರು.

‘ಯಾಕೆ ಬೇಡ?’

‘ಬೇಡ ಅಂದ್ರೆ ಬೇಡ ಕಣೇ. ಈಗ ಚೆನ್ನಾಗೇ ಇದೆಯಲ್ಲ.’

ಹೆದರುಪುಕ್ಕಲು. ತಮ್ಮ ನಾಣ್ಯದ ಮೇಲೆ ತಮಗೇ ನಂಬಿಕೆಯಿಲ್ಲ. ನಲವತ್ತೊಂದು ವರ್ಷದಿಂದ ಈ ಮನುಷ್ಯನ ಪರವಾಗಿ ಮಾತಾಡಿ ಮಾತಾಡಿ ನನ್ನ ಗಂಟಲು ಸವೆದಿದೆ.

ಸೊಸೆಗೆ ಫಾರಂ ತರಲು ಹೇಳಿದ್ದೇನೆ.

ಮಾರ್ಚ್ 6, ಗುರುವಾರ

ಕಳಿಸುವ ಮೊದಲು ವಸ್ತು ಹೇಗಿದೆ ಎಂದು ನೋಡಬೇಕಲ್ಲ. ಸಂಜೆ ನಾಲ್ಕಕ್ಕೆ, ಕಿಟಕಿಯ ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ, ನಾಣ್ಯ ಕೇಳಿದೆ. ಇವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಮಸೂರವನ್ನು ಒರೆಸಿ ಕೊಟ್ಟರು. ‘ಅಂಚು ಹಿಡ್ಕೋ. ಮುಖ ಮುಟ್ಬೇಡ’ ಎಂದರು. ನನಗೆ ಹೀಗೆ ಅಪ್ಪಣೆ ಮಾಡಿ ಎಷ್ಟು ವರ್ಷವಾಗಿತ್ತೋ.

ಮೊದಲು ಏನೂ ಕಾಣಲಿಲ್ಲ. ತಿರುಗಿಸಿದೆ. ಬೆಳಕು ಅಕ್ಷರದ ಬುಡಕ್ಕೆ ಬಂತು.

ಏನು ಹೇಳಲಿ. ಪ್ರತಿ ಅಕ್ಷರದ ಕಾಲೂ ಕತ್ತರಿಯ ತುದಿಯ ಹಾಗೆ ಸೀಳಿ ಎರಡಾಗಿದೆ. ಎರಡೂ ದುಂಡಗೆ, ಎರಡೂ ಒಂದೇ ಎತ್ತರ. ಇಸವಿಯ ಅಂಕಿಗಳು ತಮ್ಮ ನೆರಳಿಗೆ ತಾವೇ ಒರಗಿ ನಿಂತಂತಿವೆ. ಹಡಗಿನ ಹಗ್ಗಗಳು ಕೂಡ ಜೋಡಿ. ಇಷ್ಟು ಚಿಕ್ಕ ಜಾಗದಲ್ಲಿ ಹಗ್ಗ ಕೆತ್ತಿದವನ ಕೈಗೆ ನಾನು ಕೆಲಸ ಕೊಡುತ್ತಿದ್ದೆ. ಅವನು ಹೆಚ್ಚು ಸಂಬಳ ಕೇಳಿದರೂ ಕೊಡುತ್ತಿದ್ದೆ.

ಲ್ಯಾಬಿನಿಂದ ಬಂದ ಸೊಸೆ ವಿವರಿಸತೊಡಗಿದಳು. ‘ಜೋಡಿ ಬೀಳೋದರಲ್ಲಿ ಎರಡು ಥರ ಇದೆಯಂತೆ ಅತ್ತೆ. ಒಂದು, ಅಚ್ಚೇ ಜೋಡಿ ಆಗಿರೋದು. ಇನ್ನೊಂದು...’

‘ಗೊತ್ತು ಬಿಡು’ ಎಂದೆ. ಗೊತ್ತಿರದೆ ಏನು? ನಾವು ಹೆಸರನ್ನು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚುತ್ತೇವೆ. ಆ ಚುಚ್ಚುಹಾಳೆಯನ್ನು ಬಟ್ಟೆಯ ಮೇಲಿಟ್ಟು ನೀಲಿ ಪುಡಿಯ ಗಂಟಿನಿಂದ ತಟ್ಟಿದರೆ ಬಟ್ಟೆಯ ಮೇಲೆ ಚುಕ್ಕಿಗಳಲ್ಲಿ ಹೆಸರು ಮೂಡುತ್ತದೆ. ತಟ್ಟುವಾಗ ಬಟ್ಟೆ ಜಾರಿದರೆ ಆ ಒಂದು ಬಟ್ಟೆಯಲ್ಲಿ ಮಾತ್ರ ಪುಡಿ ಎಳೆದುಕೊಂಡು ಹೋಗಿ ಅಂಚು ಚಪ್ಪಟೆಯಾಗುತ್ತದೆ. ಹಾಳೆಯನ್ನೇ ಎರಡು ಸಲ ಚುಚ್ಚಿದ್ದರೆ ಆ ಹಾಳೆಯಿಂದ ಬರುವ ನೂರು ಬಟ್ಟೆಯಲ್ಲೂ ಅದೇ ಜೋಡಿ, ಅದೇ ಜಾಗದಲ್ಲಿ, ಚುಕ್ಕಿಗೆ ಚುಕ್ಕಿ ಸ್ಪಷ್ಟವಾಗಿ ಬರುತ್ತದೆ.

ಸೊಸೆಗೂ ಇದನ್ನೇ ಹೇಳಿದೆ. ಇದು ಜಾರಿದ್ದಲ್ಲ. ಇದು ಚುಚ್ಚಿದ್ದು.

‘ಅಬ್ಬಾ ಅತ್ತೆ! ನಂಗೆ ಇದು ಅರ್ಥ ಆಗೋಕೆ ಎರಡು ದಿನ ಬೇಕಾಯ್ತು’ ಎಂದಳು ಸೊಸೆ. ಇವರು ಮಸೂರವನ್ನು ನನ್ನ ಕಡೆಯೇ ಬಿಟ್ಟು ಹೋದರು.

ಮಾರ್ಚ್ 7, ಶುಕ್ರವಾರ

ಕೆಲಸ ಬಹಳ. ಬರೆಯಲು ಸಮಯವಿಲ್ಲ. ಸಂಜೆ ನಾಲ್ಕರಿಂದ ಐದೂವರೆವರೆಗೆ ನಾಣ್ಯ ನೋಡಿದೆ.

ಮಾರ್ಚ್ 9, ಭಾನುವಾರ

ಇವರು ಸಂಘಕ್ಕೆ ಹೋಗಲಿಲ್ಲ. ಅಂಗಡಿಗೆ ಇಳಿದು ಹನ್ನೊಂದು ಕತ್ತರಿಗಳಿಗೂ ಎಣ್ಣೆ ಹಾಕಿದರು. ಯಾರೂ ಹೇಳಿರಲಿಲ್ಲ.

ಎದುರಿಗೆ ಕೂತು ಕೇಳಿದೆ, ‘ಅದು ನಿಮ್ಮ ಕೈಗೆ ಸಿಕ್ಕಿದ್ದು ಹೇಗೆ?’ ಇಪ್ಪತ್ತೇಳು ವರ್ಷದಲ್ಲಿ ನೂರು ಸಲ ಹೇಳಿರಬೇಕು, ನಾನು ಕಿವಿಗೊಟ್ಟಿರಲಿಲ್ಲ.

ಚಳಿಯ ಬೆಳಿಗ್ಗೆಯಂತೆ. ಮೀನಿನ ಲಾರಿಯ ಚಾಲಕ ಕಿಟಕಿಯಿಂದ ಚಿಲ್ಲರೆ ಸುರಿದನಂತೆ. ಹಿಂದೆ ಇಪ್ಪತ್ತು ವಾಹನ, ಎಲ್ಲರದ್ದೂ ಹಾರನ್ನು. ‘ಬೆರಳಿಗೆ ಒಂಥರಾ ಒರಟಾಗಿ ತಗುಲ್ತು ಕಣೇ. ಕೆಳಗೆ ನೋಡಿದೆ, ಇಸವಿ ಮಂಜಾಗಿತ್ತು. ಕನ್ನಡಕ ಒರೆಸಿದೆ, ಆಗ್ಲೂ ಮಂಜು.’ ಅದನ್ನು ಬದಿಗೆ ಸರಿಸಿ, ಸಂಜೆ ಪಾಳಿ ಮುಗಿದ ಮೇಲೆ ಮೇಲ್ವಿಚಾರಕರನ್ನು ಕರೆದು, ಅವರ ಕಣ್ಣ ಮುಂದೆಯೇ ತಮ್ಮ ಜೇಬಿನ ನಾಣ್ಯ ಪೆಟ್ಟಿಗೆಗೆ ಹಾಕಿ ಇದನ್ನು ತೆಗೆದುಕೊಂಡರಂತೆ.

‘ಮೇಲ್ವಿಚಾರಕರು ಯಾಕೆ? ಸುಮ್ನೆ ಬದಲಾಯಿಸ್ಕೊಂಡ್ರೆ ಯಾರು ಕೇಳ್ತಿದ್ರು?’

‘ನಾನು ಕೇಳ್ತಿದ್ದೆ’ ಎಂದು ಕತ್ತರಿಯನ್ನು ಎರಡು ಸಲ ಕಚಕಚ ಎನ್ನಿಸಿ ನೋಡಿದರು.

ಲಾರಿಯ ಕಿಟಕಿಯಿಂದ ಸುರಿದ ಒಂದು ಹಿಡಿ ಚಿಲ್ಲರೆಯಲ್ಲಿ, ಕೂದಲೆಳೆಯಷ್ಟು ಜರುಗಿದ ಅಕ್ಷರ ಕಂಡಿದೆ. ನನ್ನ ಒಂಬತ್ತು ಹೆಂಗಸರಲ್ಲಿ ಅಂಥ ಬೆರಳು ಒಬ್ಬಳಿಗೂ ಇಲ್ಲ. ನನಗಿದೆಯೋ ಇಲ್ಲವೋ, ಆ ಪ್ರಶ್ನೆ ಇಲ್ಲಿ ಬೇಡ.

ಕತ್ತರಿಗಳು ಬೆಣ್ಣೆಯ ಹಾಗೆ ಆಡುತ್ತಿವೆ.

ಮಾರ್ಚ್ 12, ಬುಧವಾರ

ಫಾರಂ ತುಂಬಿದೆ. ಪಾರ್ಸೆಲ್ಲಿಗೆ ಪುಟ್ಟ ಚೀಲವನ್ನೂ ಹೊಲಿದಿಟ್ಟೆ. ಇವರಿಗೆ ಹೇಳಿಲ್ಲ.

ಸೊಸೆಗೆ ಒಮ್ಮೆಲೇ ಅನುಮಾನ. ‘ಅಸಲಿ ಅಲ್ಲ ಅಂತ ಬಂದ್ರೆ ಏನ್ಮಾಡ್ತೀರಾ ಅತ್ತೆ? ಈಗ ಒಬ್ರು ಹೇಳಿದ್ದಾರೆ, ಮಾವ ತಡ್ಕೊಂಡಿದ್ದಾರೆ. ಆಮೇಲೆ ಮೊಹರು ಹಾಕಿ ಹೇಳಿದ ಹಾಗಾಗುತ್ತೆ.’

‘ನಾನು ನೋಡಿದ್ದೀನಿ. ತಪ್ಪಾಗಲ್ಲ.’

‘ನೀವು ನೋಡಿ ಅಭ್ಯಾಸ ಇರೋದು ಬಟ್ಟೆ ಅತ್ತೆ.’

ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆ ನಡುಗುತ್ತಿತ್ತು. ‘ಹಾಗಾದ್ರೆ ಗ್ಯಾರಂಟಿ ಹೇಗೆ?’ ಎಂದು ಕೇಳಿದೆ.

‘ಇನ್ನೊಂದು ಸಿಗ್ಬೇಕು. ಇದೇ ಥರ, ಅದೇ ಅಕ್ಷರ ಅದೇ ಜಾಗದಲ್ಲಿ ಜೋಡಿಯಾಗಿರೋದು. ಯಂತ್ರ ಎರಡು ಸಲ ಒಂದೇ ಥರ ಜಾರಲ್ಲವಲ್ಲ. ನೀವೇ ಹೇಳಿದ್ರಿ, ನೂರು ಬಟ್ಟೆ ಅಂತ.’

ನಾನು ಹೇಳಿದ್ದನ್ನೇ ನನಗೆ ಹೇಳುತ್ತಾಳೆ. ಬುದ್ಧಿವಂತೆ. ಇದನ್ನು ಅವಳ ಮುಂದೆ ಹೇಳುವ ಅಗತ್ಯವಿಲ್ಲ.

ಮಾರ್ಚ್ 13, ಗುರುವಾರ

ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ. ‘ರೀ, ಇಂಥದ್ದೇ ಇನ್ನೊಂದನ್ನ ನೀವು ಎಲ್ಲಾದ್ರೂ ನೋಡಿದ್ದೀರಾ?’

ಚಮಚ ನಿಂತಿತು. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಮ್ಮನಿರಲು ಮಾತ್ರ ಬರುತ್ತದೆ. ನಾನು ಬಿಡಲಿಲ್ಲ.

‘ಒಂದು ನೋಡಿದ್ದೀನಿ.’

‘ಎಲ್ಲಿ?’

‘ನೀನು ಯಾರಿಗೂ ಹೇಳ್ಬಾರ್ದು.’

‘ನಾನ್ಯಾಕೆ ಹೇಳ್ಲಿ?’

‘ಅಧ್ಯಕ್ಷರ ಆಲ್ಬಮ್ಮಲ್ಲಿ.’

ಅದೇ ಭಾನುವಾರ, ಇವರ ನಾಣ್ಯಕ್ಕೆ ಬನ್ನಿನ ಬೆಲೆ ಕಟ್ಟಿದ ಕಾಲು ಗಂಟೆಗೆ, ಭೂತಗನ್ನಡಿ ತಮ್ಮ ಆಲ್ಬಮ್ಮನ್ನು ಸುತ್ತು ಕಳಿಸಿದರಂತೆ. ಮೂರನೇ ಪುಟ, ಅದೇ ಇಸವಿಯ ಕಿಂಡಿಯಲ್ಲಿ, ಇದರ ಒಡಹುಟ್ಟು. ಅದೇ ಸೀಳು, ಅದೇ ಹಗ್ಗ. ಹದಿನೈದು ವರ್ಷದಿಂದ ಮಾಮೂಲಿ ನಾಣ್ಯವೆಂದು ಅಲ್ಲಿ ಕೂತಿದೆ. ಅದರ ಒಡೆಯರೇ ನೋಡಿಲ್ಲ.

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸು ಹಾಕಿದೆ. ‘ಅಲ್ರೀ! ಅಲ್ಲೇ ಎದ್ದು ನಿಂತು ಹೇಳ್ಬಾರ್ದಾಗಿತ್ತಾ? ಐವತ್ತು ಜನ ಇದ್ರು!’

‘ಐವತ್ತು ಜನ ಇದ್ರು ಅಂತಲೇ ಹೇಳ್ಲಿಲ್ಲ. ಅವರ ಮೊಮ್ಮಗಳು ಪಕ್ಕದಲ್ಲೇ ಕೂತಿದ್ಳು ಕಣೇ. ತಾತ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಳ್ತಾ ಇದ್ಳು.’

‘ಮತ್ತೆ ನಿಮ್ಮನ್ನ ನೋಡಿ ನಕ್ಕಿದ್ದು?’

‘ನಕ್ಕು ಸುಮ್ಮನಾದ್ರು. ಒಂದು ದಿನದ ಮಾತು.’ ಆಮೇಲೆ ನನ್ನ ಕಡೆ ನೋಡಿ, ‘ನೀನು ಹೊಲಿದಿಟ್ಟಿರೋ ಚೀಲ ನೋಡಿದೆ. ಆ ಪತ್ರ ಬಂದ್ರೆ ನೀನು ಅದನ್ನ ಸಂಘದ ಗೋಡೆಗೆ ಮೊಳೆ ಹೊಡೀತೀಯಾ, ನಂಗೊತ್ತಿಲ್ವಾ? ಅದಕ್ಕೇ ಬೇಡ ಅಂದಿದ್ದು’ ಎಂದರು.

ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟರು. ನನ್ನದನ್ನೂ.

ಇವರ ಕೈಯಲ್ಲಿ ಉತ್ತರವಿತ್ತು. ಐವತ್ತು ಜನ ನಗುತ್ತಿದ್ದರು. ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸದೆ ಆಲ್ಬಮ್ಮನ್ನು ಪಕ್ಕದವರಿಗೆ ದಾಟಿಸಿ, ಮನೆಗೆ ಬಂದು ಟೋಪಿಯನ್ನು ಮೊಳೆಗೆ ಹಾಕಿದ್ದಾರೆ. ನನ್ನಿಂದ ಆಗುತ್ತಿರಲಿಲ್ಲ. ಇಷ್ಟು ಮಾತ್ರ ಬರೆಯುತ್ತೇನೆ.

ಮಾರ್ಚ್ 14, ಶುಕ್ರವಾರ

ಗಡಿಬಿಡಿ ಮತ್ತೆ ಎಡವಿದಳು. ಹೋಟೆಲಿನ ಹೆಸರಲ್ಲಿ ಒಂದು ಅಕ್ಷರವನ್ನೇ ನುಂಗಿದ್ದಾಳೆ. ಪುಡಿ ಒರೆಸುವ ನೆಪದಲ್ಲಿ ಒಳಕೋಣೆಗೆ ಕರೆದು ತೋರಿಸಿದೆ. ಮುಖ ಕೆಂಪಗಾಯಿತು. ಕೂತು ತಾನೇ ಬಿಚ್ಚಿದಳು. ಬೇರೆಯವರಿಗೆ ಗೊತ್ತಾಗಲಿಲ್ಲ. ನನಗೆ ಇವತ್ತು ಗಂಟಲು ಕಟ್ಟಿತ್ತು, ಕೂಗಲು ಆಗುತ್ತಿರಲಿಲ್ಲ.

ಕಂಬದ ಮೇಲಿನ ಕರವಸ್ತ್ರ ತೆಗೆಸಿದೆ. ಧೂಳು ಹಿಡಿಯುತ್ತಿತ್ತು.

ಮಾರ್ಚ್ 18, ಮಂಗಳವಾರ

ಮೊನ್ನೆಯ ಭಾನುವಾರವೂ ಇವರು ಸಂಘಕ್ಕೆ ಹೋಗಲಿಲ್ಲ. ಕತ್ತರಿ ಮುಗಿದಿತ್ತು, ಬಾಗಿಲ ಕೀಲುಗಳಿಗೆ ಎಣ್ಣೆ ಹಾಕಿದರು. ಹೀಗೇ ಬಿಟ್ಟರೆ ನನ್ನ ಕೀಲಿಗೂ ಹಾಕುತ್ತಾರೆ.

ಭೂತಗನ್ನಡಿಯ ಹೆಂಡತಿ ಮೇಜಿನ ಬಟ್ಟೆಗೆ ಹೆಸರು ಹಾಕಲು ಕೊಟ್ಟಿದ್ದರು. ಮುಗಿದಿತ್ತು. ನಾನೇ ತೆಗೆದುಕೊಂಡು ಹೋದೆ.

‘ಅಯ್ಯೋ, ನೀವೇ ತರ್ಬೇಕಿತ್ತಾ?’ ಎಂದರು ಆಕೆ. ಯಜಮಾನರು ಒಳಗಿಂದ ಬಂದರು, ಕೊರಳಲ್ಲಿ ಅದೇ ಗಾಜು. ‘ಏನಮ್ಮಾ, ನಿಮ್ಮ ಯಜಮಾನ್ರು ಎರಡು ವಾರದಿಂದ ನಾಪತ್ತೆ. ಮುನಿಸ್ಕೊಂಡ್ರಾ?’

‘ಮುನಿಸೇನಿಲ್ಲ, ಮನೇಲಿ ಕೆಲಸ ಇತ್ತು’ ಎಂದೆ. ‘ನಂದೊಂದು ಆಸೆ. ಮನೇಲಿ ನಾಣ್ಯ ಇಟ್ಕೊಂಡೂ ನೋಡಿದವಳಲ್ಲ. ತಿಳಿದವರ ಹತ್ರ ಕೂತು ನಿಮ್ಮ ಆಲ್ಬಮ್ ನೋಡ್ಬೇಕು.’

ಅವರ ಮುಖ ಅರಳಿತು. ಅರ್ಧ ಗಂಟೆ ಎರಡು ಪುಟ ತೋರಿಸಿದರು. ಇದನ್ನು ಬರೆಯಲೇಬೇಕು: ಮನುಷ್ಯನಿಗೆ ಕೆಲಸ ಗೊತ್ತು. ಒಂದೊಂದು ನಾಣ್ಯವನ್ನೂ ಹಸುಗೂಸಿನ ಹಾಗೆ ಎತ್ತುತ್ತಾರೆ. ಯಾವ ಅರಸ, ಯಾವ ಲೋಹ, ಯಾವ ಊರಲ್ಲಿ ಒತ್ತಿದ್ದು, ಎಲ್ಲ ಬಾಯಲ್ಲೇ ಇದೆ. ಬೈಯಲೆಂದು ಹೋದವಳಿಗೆ ಕೇಳುತ್ತ ಕೂರುವಂತಾಯಿತು.

ಮೂರನೇ ಪುಟ ಬಂತು. ಹಡಗು ಇತ್ತು. ಮಸೂರ ಬೇಡಿಕೊಂಡು ನೋಡಿದೆ. ಚುಕ್ಕಿಗೆ ಚುಕ್ಕಿ ಅದೇ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗಡೆ ಅವರ ಮೊಮ್ಮಗಳು ಗಟ್ಟಿಯಾಗಿ ಪಾಠ ಓದಿಕೊಳ್ಳುತ್ತಿದ್ದಳು. ಆಲ್ಬಮ್ಮನ್ನು ಅವರ ಕಡೆ ತಿರುಗಿಸಿ ಹೇಳಿದೆ, ‘ನಾನು ಸೂಜಿ ಹಿಡಿಯೋಳು, ನಂಗೆ ತಿಳಿಯಲ್ಲ. ಇದರಲ್ಲಿ ಅಕ್ಷರದ ಕಾಲು ಎರಡೆರಡು ಕಾಣ್ತಿದೆ. ವಯಸ್ಸಾಯ್ತಲ್ಲ, ನನ್ನ ಕಣ್ಣೇ ಮಂಜಾಗಿರ್ಬೇಕು. ನೀವೇ ಒಂದ್ಸಲ ನೋಡಿ.’

ನನ್ನ ಕಣ್ಣು ಮಂಜಾಗಿದೆ ಎಂದು ನನ್ನ ಬಾಯಿಂದಲೇ ಹೇಳಿದೆ. ಅಂಗಡಿಯವರು ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದರು.

ಅವರು ನಗುತ್ತಲೇ ಗಾಜು ಹಿಡಿದರು. ನಗು ನಿಂತಿತು. ಬೆಳಕಿಗೆ ಎದ್ದು ಹೋದರು. ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತು. ಬೆನ್ನು ತಿರುಗಿಸಿಕೊಂಡೇ ಕೇಳಿದರು:

‘ಆ ದಿನ ಈ ಆಲ್ಬಮ್ ಅವರ ಕೈಗೂ ಹೋಗಿತ್ತು. ಅವರು ನೋಡಿದ್ರಾ?’

‘ನನ್ನ ಹತ್ರ ಅವರು ನಾಣ್ಯದ ವಿಷಯ ಮಾತಾಡೋದು ಕಮ್ಮಿ’ ಎಂದೆ. ಪೂರ್ತಿ ಸುಳ್ಳೇನಲ್ಲ. ಇಪ್ಪತ್ತೇಳು ವರ್ಷ ನಾನು ಮಾತಾಡಲು ಬಿಟ್ಟಿರಲಿಲ್ಲ.

ಮಾತು ಕೊಟ್ಟಂತೆ ಯಾರಿಗೂ ಏನೂ ಹೇಳಲಿಲ್ಲ. ಮೇಜಿನ ಬಟ್ಟೆ ಕೊಟ್ಟು ಬಂದೆ.

ಮಾರ್ಚ್ 20, ಗುರುವಾರ

ನಾನು ಅಲ್ಲಿಗೆ ಹೋದದ್ದನ್ನು ನಮ್ಮನೆಯವರಿಗೆ ಹೇಳಿಲ್ಲ. ಗೇಟು ಸದ್ದಾದರೆ ಸೂಜಿ ಬೆರಳಿಗೆ ಚುಚ್ಚುತ್ತಿದೆ. ಮೂವತ್ತೆಂಟು ವರ್ಷದಲ್ಲಿ ಹೀಗಾಗಿಲ್ಲ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಅಧ್ಯಕ್ಷರು ಬಂದರು. ಜೊತೆಯಲ್ಲಿ ಮೊಮ್ಮಗಳು, ಅವಳ ಕೈಯಲ್ಲಿ ನೋಟ್‌ಬುಕ್ಕು. ಕೂರಲಿಲ್ಲ. ಜೇಬಿನಿಂದ ತಮ್ಮ ನಾಣ್ಯ ತೆಗೆದು ಮೇಜಿನ ಮೇಲಿಟ್ಟು, ‘ನಿಮ್ಮದನ್ನೂ ತನ್ನಿ’ ಎಂದರು.

ನಮ್ಮವರು ಕಪ್ಪು ಬಟ್ಟೆ ಹಾಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟರು. ಎರಡು ಬೋಳು ತಲೆಗಳು ಒಂದಕ್ಕೊಂದು ತಾಗುವಷ್ಟು ಬಗ್ಗಿದವು.

‘ನೋಡಿದ್ರಿ ನೀವು’ ಎಂದರು ಅಧ್ಯಕ್ಷರು.

‘ಹೂಂ.’

‘ಯಾಕ್ ಹೇಳ್ಲಿಲ್ಲ ಮಾರಾಯ್ರೇ?’

ನಮ್ಮವರು ಹುಡುಗಿಯ ಕಡೆ ನೋಡಿದರು. ಅಧ್ಯಕ್ಷರಿಗೆ ಅರ್ಥವಾಯಿತು. ‘ಅವಳ ನೋಟ್‌ಬುಕ್ಕಲ್ಲಿ ನಾನೇ ತಿದ್ದಿಸಿದ್ದೀನಿ. ಕೆಂಪು ಇಂಕಲ್ಲಿ. ತೋರಿಸಮ್ಮ’ ಎಂದರು. ಅವಳು ತೋರಿಸಿದಳು. ‘ತಾತ ಸರಿಯಾಗಿ ನೋಡಿರಲಿಲ್ಲ’ ಎಂದಿತ್ತು, ಕೆಳಗೆ ಅವರ ರುಜು. ‘ಇವತ್ತು ಸಂಘದಲ್ಲೂ ಹೇಳ್ತೀನಿ. ನೀವು ಬಂದು ಎಲ್ಲರಿಗೂ ಎರಡು ಥರದ ಜೋಡಿ ಹೇಗೆ ಗುರುತಿಸೋದು ಅಂತ ತೋರಿಸ್ಬೇಕು. ನಾನೂ ಕಲೀಬೇಕು.’

ಇಷ್ಟು ದಿನ ಈ ಮನುಷ್ಯನನ್ನು ಏನೆಂದು ಬರೆದೆನೋ ತಿರುಗಿ ನೋಡಲಿಲ್ಲ. ಎದೆಗಾರಿಕೆ ಇದೆ.

ಹೊರಡುವಾಗ ಅವರೇ ಹೇಳಿದರು, ‘ನಂದನ್ನ ದರ್ಜೆಗೆ ಕಳಿಸ್ತೀನಿ. ನಿಮ್ಮದನ್ನೂ ಒಟ್ಟಿಗೆ ಕಳಿಸೋಣ.’ ಸೊಸೆ ಅಡುಗೆಮನೆಯ ಬಾಗಿಲಿಂದ ‘ಫಾರಂ ರೆಡಿ ಇದೆ’ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಈ ಮನೆಯ ರೂಢಿ ಅದು.

ನಾನು ನಮ್ಮವರ ಕಡೆ ತಿರುಗಿ, ‘ನಿಮಗೇನನ್ಸುತ್ತೆ?’ ಎಂದೆ.

ಒಳಗಡೆ ಸೊಸೆಯ ಕೈಯಿಂದ ಏನೋ ಬಿತ್ತು.

ಅವರು ನಾಣ್ಯವನ್ನು ಅಂಚು ಹಿಡಿದು ಬೆಳಕಿಗೆ ತಿರುಗಿಸಿದರು. ‘ಒಳ್ಳೇದು ಅಂತ ಇನ್ನೊಬ್ಬರು ಬರೆದುಕೊಟ್ರೆ, ಆಮೇಲೆ ನಾನು ನೋಡೋದನ್ನೇ ನಿಲ್ಲಿಸಿಬಿಡ್ತೀನೇನೋ’ ಎಂದರು. ಆಮೇಲೆ ಟೋಪಿ ಹಾಕಿಕೊಂಡು ಸಂಘಕ್ಕೆ ಹೋದರು. ಗೇಟಿನ ಹತ್ತಿರ ನಿಂತು, ‘ಮೇಜಿನ ಬಟ್ಟೆ ಕೊಡೋಕೆ ನೀನೇ ಹೋಗಿದ್ದೆಯಂತೆ’ ಎಂದರು.

‘ಹೌದು. ಕೊಟ್ಟು ಬಂದೆ.’

‘ಕಸೂತಿ ಚೆನ್ನಾಗಿತ್ತಂತೆ.’ ನಗುತ್ತಿದ್ದರು.

ಮಾರ್ಚ್ 26, ಬುಧವಾರ

ತೀರ್ಮಾನ ಮಾಡಿದ್ದೇನೆ. ಈ ಮನೆಯಲ್ಲಿ ತೀರ್ಮಾನ ಮಾಡುವವಳು ನಾನೇ. ನಾಣ್ಯವನ್ನು ಎಲ್ಲಿಗೂ ಕಳಿಸುವುದಿಲ್ಲ.

‘ಮಾವ ಹೇಳಿದ್ದೂ ಅದೇ ಅಲ್ವಾ ಅತ್ತೆ?’ ಎಂದಳು ಸೊಸೆ.

ಹೌದು, ಅವರೂ ಅದನ್ನೇ ಹೇಳಿದರು. ಸರಿಯಾದದ್ದು ಇಬ್ಬರಿಗೆ ಹೊಳೆಯಬಾರದೆಂದೇನೂ ಇಲ್ಲ. ಡಬ್ಬಿಯಲ್ಲಿ ಮೊಹರು ಮಾಡಿಸಿಕೊಂಡರೆ ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸುವಂತಿಲ್ಲ. ಸಂಜೆ ನಾಲ್ಕಕ್ಕೆ ನಾವಿಬ್ಬರೂ ನೋಡಬೇಕಾದದ್ದು ಇನ್ನೂ ಇದೆ. ಹಡಗಿನ ಹಿಂಬದಿಯ ಹಗ್ಗ ಜೋಡಿಯೋ ಒಂಟಿಯೋ ಎಂದು ನಿನ್ನೆಯಿಂದ ವಾದ ನಡೆದಿದೆ. ಅವರು ಒಂಟಿ ಎನ್ನುತ್ತಾರೆ. ಅವರೇ ಸರಿ ಇರಬಹುದು.

ಫಾರಂ ಸೊಸೆ ಲ್ಯಾಬಿನ ದಪ್ಪ ಕಾಗದದ ಮೇಲೆ ಪ್ರಿಂಟ್ ಮಾಡಿ ತಂದದ್ದು, ಹಿಂಭಾಗ ಖಾಲಿಯಿತ್ತು. ಮಧ್ಯಾಹ್ನ ಅದರ ಮೇಲೆ ಹೊಸ ಆಸ್ಪತ್ರೆಯ ಹೆಸರು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ಮುಗಿಸಿದೆ. ಗಡಿಬಿಡಿ ಆಗಲೇ ಅದರಿಂದ ನಲವತ್ತು ದಿಂಬಿನ ಚೀಲಕ್ಕೆ ನೀಲಿ ಪುಡಿ ತಟ್ಟಿ ಮುಗಿಸಿದ್ದಾಳೆ.